ಪೊರೆ, ರೆಟಿನಾ ಎರಡೂ ಆಪರೇಷನ್ ಒಟ್ಟಿಗೆ ಮಾಡಿಸಿಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಪೊರೆ ತೆಗೆಸಿ, ಅದೇ ಸಲ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ) ಆಪರೇಷನ್ನೂ ಮಾಡಿಸಿಕೊಳ್ಳುವವರಿಗೆ ಮುಂದಿನ ತಿಂಗಳಿಂದ ಕಣ್ಣೊಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಬೇಕಾದ ಕಣ್ಣಿನ ಉದ್ದ ಮುಂತಾದ ಅಳತೆಯನ್ನು ಎರಡು ಬೇರೆ ಬೇರೆ ದಿನ ತೆಗೆಯುತ್ತೇವೆ. ಆಪರೇಷನ್ ಒಂದೇ ಕಣ್ಣಿಗಾದರೂ ಅಳೆಯುವುದು ಎರಡನ್ನೂ. ಬೆಳಕು ಹಾಯಿಸಿ ಅಳೆಯುವ ಯಂತ್ರದ ಅಳತೆ ಅನುಮಾನ ಹುಟ್ಟಿಸಿದರೆ ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸೌಂಡ್ ಕೂಡ ಮಾಡುತ್ತೇವೆ. ಶುಲ್ಕ ಹೆಚ್ಚಾಗುತ್ತದೆ, ನಿಮಗೊಂದು ಓಡಾಟವೂ ಹೆಚ್ಚಾಗುತ್ತದೆ. ಮಂಜುಗಣ್ಣಲ್ಲಿ ಇನ್ನೊಬ್ಬರ ಕೈ ಹಿಡಿದು ಬರುವವರಿಗೆ ಅದೆಷ್ಟು ಕಷ್ಟ ಅಂತ ಬಲ್ಲೆವು, ಕ್ಷಮಿಸಿ. ರೆಟಿನಾ ಕಳಚಿ ತುರ್ತಾಗಿ ಆಪರೇಷನ್ ಆಗಬೇಕಿದ್ದರೆ ಕಾಯಿಸುವುದಿಲ್ಲ, ಅಳತೆಯನ್ನೆಲ್ಲ ಒಂದೇ ದಿನ ಮುಗಿಸುತ್ತೇವೆ.

ಹಣದ ಮಾತು ಬಂದಾಗ ಬೈಗುಳ ಬೀಳುವುದು ನಮ್ಮ ಮೇಲೆ. ಲೆನ್ಸಿನ ಬೆಲೆ ನಮ್ಮದಲ್ಲ, ಆಪರೇಷನ್ ಬಿಲ್ಲೂ ನಮ್ಮದಲ್ಲ. ನಮಗೆ ಬರುವುದು ಅಳತೆಯ ಶುಲ್ಕ ಮಾತ್ರ. ಅದರಲ್ಲೇ ಯಂತ್ರದ ಸರ್ವೀಸ್, ಸಿಬ್ಬಂದಿಯ ಸಂಬಳ, ಎಲ್ಲ. ‘ಗುಂಡಿ ಒತ್ತೋದಕ್ಕೆ ಇಷ್ಟಾ?’ ಎನ್ನುವವರು ಒಮ್ಮೆ ಪರದೆ ನೋಡಬೇಕು. ರೆಟಿನಾ ಮೇಲೆ ತೆಳು ಪದರವೊಂದು (ಇದು ಕಣ್ಣಿನ ಪೊರೆಯಲ್ಲ) ಬೆಳೆದ ಕಣ್ಣಿನಲ್ಲಿ, ರೆಟಿನಾ ಎಲ್ಲಿದೆ ಎಂದು ತೋರಿಸುವ ಗೆರೆಯಲ್ಲಿ ಒಂದು ಶಿಖರ ಕಾಣಬೇಕಾದ ಕಡೆ ಎರಡು ಏಳುತ್ತವೆ. ಯಾವುದು ನಿಜವಾದದ್ದು ಅಂತ ಯಂತ್ರ ಹೇಳುವುದಿಲ್ಲ, ಕೂತವರೇ ನೋಡಿ ಹೇಳಬೇಕು. ಕಣ್ಣಿನ ಉದ್ದದಲ್ಲಿ 1 ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಕನ್ನಡಕದ ಪವರಿನಲ್ಲಿ ಸುಮಾರು 2.5ರಿಂದ 3 ಡಯಾಪ್ಟರ್ (ಪವರಿನ ಅಳತೆಮಾನ) ವ್ಯತ್ಯಾಸ ಬರುತ್ತದೆ.

ಇನ್ನು ಪದೇ ಪದೇ ಕೇಳುವ ದೂರು: ‘ಬರೀ ಪೊರೆ ತೆಗೆಸಿದವರು ಕನ್ನಡಕವಿಲ್ಲದೆ ಓಡಾಡುತ್ತಾರೆ, ನನಗೆ ಮಾತ್ರ ಮೈನಸ್ ಬಂತು. ನಿಮ್ಮ ಅಳತೆಯೇ ಸರಿಯಿಲ್ಲ.’

ಅಳತೆ ಸರಿಯಿದ್ದೂ ಹಾಗಾಗಬಹುದು. ರೆಟಿನಾದ ನಡುಭಾಗ ಊದಿದ್ದರೆ ಅಲ್ಟ್ರಾಸೌಂಡ್ ಅದರ ಮುಂದಿನ ಮೈಗೇ ತಾಗಿ ಮರಳುತ್ತದೆ, ಕಣ್ಣು ಗಿಡ್ಡ ಎಂದು ತೋರಿಸುತ್ತದೆ. ಆ ಲೆಕ್ಕಕ್ಕೆ ಹಾಕಿದ ಲೆನ್ಸ್ ಜಾಸ್ತಿ ಪವರಿನದಾಗಿ ಮೈನಸ್ ಉಳಿಯುತ್ತದೆ. ಕಳಚಿ ಮುಂದೆ ಬಂದ ರೆಟಿನಾದ್ದೂ ಇದೇ ಕಥೆ, ಅದಕ್ಕೇ ಇನ್ನೊಂದು ಕಣ್ಣನ್ನೂ ಅಳೆದು ಹೋಲಿಸುವುದು. ಬೆಳಕಿನ ಯಂತ್ರ ರೆಟಿನಾದ ಹಿಂದಿನ ಪದರದಿಂದ ಅಳೆಯುವುದರಿಂದ ಊತದ ಕಾಟ ಕಡಿಮೆ, ಆದರೆ ಪೊರೆ ಬಲಿತಿದ್ದರೆ ಬೆಳಕು ಒಳಗೆ ಹೋಗುವುದೇ ಇಲ್ಲ. ಮೇಲಾಗಿ ರೆಟಿನಾ ಆಪರೇಷನ್ ಕೊನೆಯಲ್ಲಿ ಕಣ್ಣೊಳಗೆ ತುಂಬುವ ಗ್ಯಾಸ್ ಹೊಸ ಲೆನ್ಸನ್ನು ತುಸು ಮುಂದಕ್ಕೆ ತಳ್ಳಬಹುದು. ಮುಂದೆ ಕೂತರೆ ಮತ್ತೆ ಮೈನಸ್ಸೇ. ಲೆನ್ಸಿನ ಪವರ್ ಲೆಕ್ಕ ಹಾಕಲು ನಾವೆಲ್ಲ ಬಳಸುವ ಸೂತ್ರಗಳು ಬಹುಪಾಲು ಬರೀ ಪೊರೆ ಆಪರೇಷನ್ ಆದ ಕಣ್ಣುಗಳಿಂದ ಹುಟ್ಟಿದವು, ಅವಕ್ಕೆ ಗ್ಯಾಸಿನ ವಿಷಯ ಗೊತ್ತಿಲ್ಲ.

ಹಾಗಾದರೆ ರೆಟಿನಾ ಮೊದಲು, ಪೊರೆ ಆಮೇಲೆ ಎನ್ನಬಹುದಲ್ಲ? ಎನ್ನಬಹುದು. ಆಗ ಅಳತೆ ನಿಜಕ್ಕೂ ಸಲೀಸು. ಆದರೆ ಐವತ್ತು ದಾಟಿದವರಿಗೆ ರೆಟಿನಾ ಆಪರೇಷನ್ ಆದ ಮೇಲೆ ಪೊರೆ ಬೇಗ ಬಲಿಯುವುದು ಸಾಮಾನ್ಯ, ಮತ್ತೆ ಟೇಬಲ್ ಏರಬೇಕು. ಯಾವುದು ಒಳ್ಳೆಯದು ಅಂತ ನಿಮ್ಮ ಸರ್ಜನ್ ಹೇಳಲಿ, ಅದು ನಮ್ಮ ಮಾತಲ್ಲ.

ಹಿಂದಿನ ರೆಟಿನಾ ಆಪರೇಷನ್ನಿನಲ್ಲಿ ತುಂಬಿದ ಸಿಲಿಕಾನ್ ಎಣ್ಣೆ ಇನ್ನೂ ಕಣ್ಣಲ್ಲಿ ಇರುವವರು ಮೊದಲೇ ತಿಳಿಸಿ. ಕಣ್ಣಿನ ದ್ರವದಲ್ಲಿ ಶಬ್ದ ಸೆಕೆಂಡಿಗೆ 1532 ಮೀಟರ್ ಓಡಿದರೆ ಎಣ್ಣೆಯಲ್ಲಿ ಸುಮಾರು 980. ವೇಗ ಬದಲಿಸದೆ ಅಲ್ಟ್ರಾಸೌಂಡ್ ಮಾಡಿದರೆ ಕಣ್ಣು ಇಲ್ಲದಷ್ಟು ಉದ್ದ ಕಾಣುತ್ತದೆ.

ಕನ್ನಡಕವೇ ಬೇಡ ಎಂಬ ಮಾತು ನಾವು ಕೊಡುವುದಿಲ್ಲ. ಎರಡು ದಿನದ ಅಳತೆ ಹೊಂದದಿದ್ದರೆ ಮೂರನೆಯ ಸಲ ಕರೆಯುತ್ತೇವೆ, ಅದಕ್ಕೆ ಶುಲ್ಕವಿಲ್ಲ. ಬರುವಾಗ ಹಳೆ ಕನ್ನಡಕದ ಚೀಟಿ ತನ್ನಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮುಂಚೆ ತೆಗೆಯಬೇಕೆಂದು ಫೋನ್ ಮಾಡಿ ಕೇಳಿ. ರಿಪೋರ್ಟಿನ ಯಾವ ಅಂಕಿ ಅರ್ಥವಾಗದಿದ್ದರೂ ಕೌಂಟರಿನಲ್ಲಿ ಸಂಕೋಚವಿಲ್ಲದೆ ಕೇಳಿ, ಕೂರಿಸಿ ವಿವರಿಸುತ್ತೇವೆ.

ನಿಮ್ಮ ವಿಶ್ವಾಸದ,
ಅಳತೆ ವಿಭಾಗದ ಪರವಾಗಿ