ಒಬ್ಬಳೇ ಹಾರುವ ಮುಂಚೆ: ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಾಕ್‌ಪಿಟ್‌ನಿಂದ ಕಳಿಸಿದ ಫೋಟೋ ಬಂತು. ಅಪ್ಪ ಅದನ್ನು ಬೀದಿಗೆಲ್ಲ ತೋರಿಸಿ ಬಂದರು. ನನ್ನ ಕಣ್ಣು ಮಾತ್ರ ನಿನ್ನ ನಗುವಿಗಿಂತ ಮೊದಲು ಭುಜದ ಬೆಲ್ಟಿನ ಮೇಲೆ ಬಿತ್ತು. ಸಡಿಲವಾಗಿ ಜೋತುಬಿದ್ದಿದೆ. ಮುಂದಿನ ವಾರ ನೀನೊಬ್ಬಳೇ ಹಾರಬೇಕಂತೆ. ಫೋನಿನಲ್ಲಿ ಹೇಳಿದರೆ "ಆಯ್ತಮ್ಮ" ಅಂದು ಮುಗಿಸಿಬಿಡ್ತೀಯ, ಅದಕ್ಕೇ ಈ ಕಾಗದ.

ಆ ಬೆಲ್ಟ್ ನೋಡಿ ನೆನಪಾದವನು ಮೊದಲ ಮಹಾಯುದ್ಧದ ಜರ್ಮನ್ ಫೈಟರ್ ಪೈಲಟ್ ಓಸ್ವಾಲ್ಡ್ ಬೋಲ್ಕೆ. ಅವನ ಗೆಲುವು, ಪದಕ ಎಲ್ಲ ನಿನಗೆ ಗೊತ್ತಿರುವುದೇ, ಬಿಡು. ನನ್ನನ್ನು ಕಾಡುವುದು ಅವನು ಸತ್ತ ದಿನ, 1916ರ ಅಕ್ಟೋಬರ್ 28 ಒಂದೇ.

ಆ ಹೊತ್ತಿಗೆ ಜರ್ಮನ್ ಸೇನೆಯಲ್ಲಿ ಅವನಷ್ಟು ತಿಳಿದ ಫೈಟರ್ ಪೈಲಟ್ ಇನ್ನೊಬ್ಬನಿರಲಿಲ್ಲ. ಆ ಆಗಸ್ಟಿನಲ್ಲಷ್ಟೇ ಯಾಸ್ಟಾ 2 ಎಂಬ ಹೊಸ ಪಡೆಯನ್ನು ಅವನ ಕೈಗೆ ಕೊಟ್ಟಿದ್ದರು. ಸೆಪ್ಟೆಂಬರ್ 17ರವರೆಗೆ ಹೊಸಬರನ್ನು ಗುಂಪಾಗಿ ಕಾಳಗಕ್ಕೆ ಬಿಡಲೇ ಇಲ್ಲ, ಕೂರಿಸಿಕೊಂಡು ಕಲಿಸಿದ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಮೇಲಿನಿಂದ ಬನ್ನಿ. ಹತ್ತಿರ ಹೋಗಿ, ಗುರಿಗೆ ಸರಿಯಾಗಿ ಸಿಕ್ಕಾಗಲೇ ಗುಂಡು ಹಾರಿಸಿ. ಎದುರಾಳಿಯಿಂದ ಕಣ್ಣು ತೆಗೆಯಬೇಡಿ. ಅವನು ನಿಮ್ಮ ಮೇಲೆ ಎರಗಿದರೆ ಓಡಬೇಡಿ, ಎದುರಿಗೇ ಹೋಗಿ. ಇಂಥ ಎಂಟು ನಿಯಮ. ಕೊನೆಯದು: ಕಾಳಗ ಚದುರಿ ಒಂಟಿ ಜಗಳಗಳಾದಾಗ ಒಬ್ಬನ ಹಿಂದೆ ಹಲವರು ಬೀಳಬೇಡಿ.

ಆ ದಿನ ಅವನಿಗೆ ಅದು ಆರನೇ ಹಾರಾಟ. ಅವನೂ ಅವನ ಪಡೆಯ ಎರ್ವಿನ್ ಬೋಮೆಯೂ ಒಂದೇ ಬ್ರಿಟಿಷ್ ವಿಮಾನದ, ಡಿಹೆಚ್-2ರ ಹಿಂದೆ ಬಿದ್ದಿದ್ದರು. ಅದೇ ಪಡೆಯ ರಿಕ್ಟೊಫೆನ್ ಅಟ್ಟಿಸಿಕೊಂಡು ಬರುತ್ತಿದ್ದ ಇನ್ನೊಂದು ಬ್ರಿಟಿಷ್ ವಿಮಾನ ಅಡ್ಡ ನುಗ್ಗಿತು. ತಪ್ಪಿಸಿಕೊಳ್ಳಲು ಬೋಲ್ಕೆ, ಬೋಮೆ ಇಬ್ಬರೂ ಒಟ್ಟಿಗೆ ತಿರುಗಿದರು. ಅವರು ಹಾರಿಸುತ್ತಿದ್ದ ಜರ್ಮನ್ ವಿಮಾನ ಅಲ್ಬಾಟ್ರೋಸ್‌ಗೆ ಮೇಲೊಂದು, ಕೆಳಗೊಂದು ರೆಕ್ಕೆ. ಅದರ ಮೊದಲ ಮಾದರಿ ಡಿ-1ರಲ್ಲಿ ಮೇಲಿನದು ಕಣ್ಣಿಗೆ ಅಡ್ಡ ಬರುತ್ತದೆಂದು ಮುಂದಿನ ಮಾದರಿ ಡಿ-2ರಲ್ಲಿ ಅದನ್ನು ತಗ್ಗಿಸಿದ್ದರು. ಆದರೂ ವಾಲಿದಾಗ ಆಕಾಶದ ಒಂದು ದೊಡ್ಡ ತುಂಡು ರೆಕ್ಕೆಯ ಮರೆಗೆ ಹೋಗುತ್ತದೆ. ಇಬ್ಬರಿಗೂ ಒಬ್ಬರೊಬ್ಬರು ಕಾಣಲಿಲ್ಲ. ಬೋಮೆಯ ಚಕ್ರಗಳು ಬೋಲ್ಕೆಯ ಮೇಲಿನ ರೆಕ್ಕೆಗೆ ಸವರಿದವು. ಸವರಿದ್ದಷ್ಟೇ, ಕಣೇ.

ಬೋಲ್ಕೆ ಗಾಬರಿಯಾಗಲಿಲ್ಲ. ವಿಮಾನವನ್ನು ಹತೋಟಿಯಲ್ಲಿಟ್ಟುಕೊಂಡು ತೇಲಿಸುತ್ತ ಇಳಿದ. ಮೋಡದೊಳಗೆ ಹೋದಾಗ ಮೇಲಿನ ರೆಕ್ಕೆ ಕಿತ್ತುಹೋಯಿತು. ಪ್ಯಾರಾಚೂಟ್ ಇಲ್ಲ. ಜರ್ಮನ್ ಪೈಲಟ್‌ಗಳಿಗೆ ಅದು ಸಿಕ್ಕಿದ್ದು 1918ರಲ್ಲಿ. ಆದರೂ ನೆಲಕ್ಕೆ ಅಪ್ಪಳಿಸಿದ ರಭಸ ಬದುಕಲಾರದಷ್ಟೇನೂ ಇರಲಿಲ್ಲ ಎನ್ನುತ್ತಾರೆ. ಅವನು ಹೆಲ್ಮೆಟ್ ಹಾಕಿರಲಿಲ್ಲ. ಬೆಲ್ಟ್ ಬಿಗಿಯಾಗಿರಲಿಲ್ಲ. 25 ವರ್ಷ. ಹಿಂದಿನ ವರ್ಷ ಫ್ರಾನ್ಸಿನ ಡುವೇಯಲ್ಲಿ ಕಾಲುವೆಗೆ ಬಿದ್ದ ಫ್ರೆಂಚ್ ಹುಡುಗನನ್ನು ಧುಮುಕಿ ಎತ್ತಿ ತಂದಿದ್ದ. ಮನೆಗೆ ತಪ್ಪದೆ ಕಾಗದ ಬರೆಯುತ್ತಿದ್ದ. ಅವನ ಅಮ್ಮನನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ನಿನಗೆ ಗೊತ್ತಿಲ್ಲವೆಂದು ಹೇಳುತ್ತಿಲ್ಲ. ಎಲ್ಲ ಗೊತ್ತಿದ್ದವನೇ ಅವನು, ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಸೀಟನ್ನು ಹಳಿಯ ಮೇಲೆ ಸರಿಸಿ, ಲಾಕ್ ಕೂತಿದೆಯಾ ಎಂದು ಹಿಂದೆ ಮುಂದೆ ಜಗ್ಗಿ ನೋಡು. ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಕೈಯಲ್ಲಿರುವ ಯೋಕ್, ಅಂದರೆ ವಿಮಾನ ನಡೆಸುವ ಹಿಡಿ, ಜೊತೆಗೇ ಬರುತ್ತದೆ, ಮೂಗು ಎದ್ದು ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು ವಿಮಾನ ಸ್ಟಾಲ್ ಆಗುತ್ತದೆ. ಆಮೇಲೆ ಸೊಂಟದ ಬೆಲ್ಟು, ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ, ಬಿಗಿಯಾಗಿ. ಭುಜದ್ದು ಕೊನೆಗೆ. ಅದನ್ನು ಮೊದಲು ಎಳೆದರೆ ಸೊಂಟದ್ದು ಮೇಲೆ ಹತ್ತಿಕೊಂಡು, ಪೆಟ್ಟು ಬಿದ್ದಾಗ ಮೈ ಕೆಳಗೆ ಜಾರುತ್ತದೆ. ಚೆಕ್‌ಲಿಸ್ಟ್ ಬಾಯಿಪಾಠ ಬಂದರೂ ಬೆರಳಿಟ್ಟು ಓದು. ದಿನದ ಮೊದಲ ಹಾರಾಟಕ್ಕಿಂತ ಕೊನೆಯದಕ್ಕೆ ಹೆಚ್ಚು ನಿಧಾನವಾಗಿ ಓದು.

ಇನ್ನು ತಿರುವು. ನಿನ್ನ ಸೆಸ್ನಾ ವಿಮಾನದ ರೆಕ್ಕೆ ತಲೆಯ ಮೇಲಿದೆ. ಎಡಕ್ಕೆ ವಾಲಿದೊಡನೆ ಎಡಗಡೆಯೇ ಮರೆಯಾಗುತ್ತದೆ, ಅಂದರೆ ನೀನು ಹೋಗಬೇಕಾದ ಕಡೆಯೇ ಕಾಣುವುದಿಲ್ಲ. ತಿರುಗುವ ಮುಂಚೆ ಆ ರೆಕ್ಕೆಯನ್ನು ಒಂದಿಷ್ಟು ಎತ್ತಿ, ಕೆಳಗೆ, ಪಕ್ಕಕ್ಕೆ, ಹಿಂದಕ್ಕೆ ನೋಡಿ, ಆಮೇಲೆ ವಾಲಿಸು. ರೇಡಿಯೋದಲ್ಲಿ ಕೇಳಿಸದವರು ಆಕಾಶದಲ್ಲಿ ಇಲ್ಲ ಅಂದುಕೊಳ್ಳಬೇಡ.

ಬೋಮೆ ಬದುಕಿದ. ಮುಂದೆ ಅದೇ ಪಡೆಯ ನಾಯಕನಾಗಿ, 1917ರ ನವೆಂಬರಿನಲ್ಲಿ ಸತ್ತ. ಆ ಒಂದು ವರ್ಷ ಅವನು ಹೇಗೆ ಕಳೆದನೋ. ನಿನಗೆ ಏನಾದರೂ ಆದೀತು ಎಂಬುದರಷ್ಟೇ, ನಿನ್ನಿಂದ ಇನ್ನೊಬ್ಬರಿಗೆ ಆದೀತು ಎಂಬ ಭಯವೂ ನನಗಿದೆ. ಪಾಠ ಜಾಸ್ತಿಯಾಯಿತು, ಬೇಸರ ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ಇಷ್ಟು ಗಟ್ಟಿ ಗುಂಡಿಗೆ ನಿನ್ನೊಬ್ಬಳದೇ.

ಒಂದು ಮರೆತಿದ್ದೆ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದಿದ್ದರೆ ವಿಮಾನ ಹಗುರ. ಬೇಗ ಮೇಲೇಳುತ್ತದೆ, ಇಳಿಯುವಾಗ ನೆಲ ಮುಟ್ಟದೆ ತೇಲುತ್ತದೆ. ಅವಸರದಲ್ಲಿ ಮೂಗನ್ನು ಕೆಳಗೆ ಒತ್ತಬೇಡ. ಸರಿ ಅನಿಸದಿದ್ದರೆ ಪೂರ್ತಿ ಪವರ್ ಕೊಟ್ಟು ಮತ್ತೊಂದು ಸುತ್ತು ಹೊಡಿ. ಇಳಿದ ಮೇಲೆ ಅಪ್ಪನಿಗೆ ಮೊದಲು ಫೋನ್ ಮಾಡು, ಆ ದಿನ ಅವರು ರಜೆ ಹಾಕಿದ್ದಾರೆ.

ಅಮ್ಮ