ಎರೆಮಣ್ಣಿನ ಪಾಯ

ಮಾನ್ಯ ಸಂಪಾದಕರೇ,

ಸಿಂಧನೂರು, ಮಾನ್ವಿ ಕಡೆಯ ಎರೆ ಭೂಮಿಯಲ್ಲಿ ಹೊಸ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟರೆ ಸಿಮೆಂಟು ಮೆತ್ತಿ ಮುಚ್ಚುತ್ತಾರೆ. ಬೇಸಿಗೆಗೆ ಅದು ಮತ್ತೆ ಬಾಯಿ ಬಿಡುತ್ತದೆ, ಏಕೆಂದರೆ ಕೆಳಗಿನ ಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುತ್ತಲೇ ಇರುತ್ತದೆ.

ಪಾಯಕ್ಕೆ ಮುಂಚೆ ಗುಂಡಿ ತೋಡಿಸಿ ನೋಡಿ. ಗಟ್ಟಿ ಗರಸು ಮೇಲೆಯೇ ಸಿಕ್ಕರೆ ಅದರ ಮೇಲೆ ಪಾಯ ಕೂರಿಸಿ. ಎರೆ ಆಳಕ್ಕಿದ್ದರೆ ಕನಿಷ್ಠ 3.5 ಮೀಟರ್ ಆಳದ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದ ಕಡೆ ಗೆಡ್ಡೆಯಂತೆ ಅಗಲಿಸಿ ನೆಲದೊಳಗೆ ಎರಕ ಹೊಯ್ದ ಕಾಂಕ್ರೀಟ್ ಕಂಬ, ಬೇಕು. ಅದರ ಮೇಲೆ ಗೋಡೆ ಹೊರುವ ಬೀಮಿನ ಕೆಳಗೆ 80 ಮಿ.ಮೀ. ಖಾಲಿ ಬಿಡಲೇಬೇಕು, ಬಿಡದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಮೇಸ್ತ್ರಿಗಳು ಬಹಳ ಸಲ ತಪ್ಪುವುದು ಇಲ್ಲೇ. ತೋಡಿದ ಕಪ್ಪು ಮಣ್ಣನ್ನು ನೆಲದ ಭರ್ತಿಗೆ ಹಾಕುವುದಂತೂ ಬೇಡವೇ ಬೇಡ.

ಈಗಾಗಲೇ ಕಟ್ಟಿದ ಮನೆಯಾದರೆ ಬಚ್ಚಲು ನೀರನ್ನು ಪಾಯದಿಂದ ದೂರ ಸಾಗಿಸಿ, ಸುತ್ತಲೂ ಹೊರಮುಖ ಇಳಿಜಾರಿನ ಕಾಂಕ್ರೀಟ್ ಹಾಸಿ.

— ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ರಾಯಚೂರು