ಒರಗಿಸಿ ಹೊಡೆಯುವ ವಿದ್ಯೆ

ಡೆನ್ವರ್, ಕೊಲರಾಡೊ
8 ಸೆಪ್ಟೆಂಬರ್ 2024

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಮ್ಮ ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಕೋವಿಗಳಿಗೆ ತೋಕ್ ಪೂ ಹೂವನ್ನು ಮುಡಿಸಿ ಪೂಜೆ ಮಾಡಿದ ಫೋಟೋವನ್ನು ಅವ್ವ ಕಳಿಸಿದ್ದರು. ಅದನ್ನು ನೋಡಿದ ಮೇಲೆ ಫೋನು ಮಾಡಿದಾಗ ನೀವು, ನಾನು ಇಲ್ಲಿ ಆಡುವ ರೈಫಲ್ ಪಂದ್ಯದ ಬಗ್ಗೆ, "ಕೋವಿಯನ್ನು ಗೋಡೆಗೆ ಒರಗಿಸಿ ಹೊಡೆಯುವುದೂ ಒಂದು ಪಂದ್ಯವೇ?" ಎಂದು ಕೇಳಿದಿರಿ. ಆಗ ನಕ್ಕು ಸುಮ್ಮನಾದೆ. ಇಂದು ಭಾನುವಾರ, ನಿನ್ನೆಯ ಪಂದ್ಯದ ಮೈಕೈ ನೋವು ಇನ್ನೂ ಹೋಗಿಲ್ಲ. ಆ ನೋವಿನ ಕಾರಣವನ್ನು ವಿವರಿಸಿದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕೀತು.

ಊರಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ನಿಂತು, ಯಾವುದಕ್ಕೂ ತಾಗದೆ, ಬರಿಯ ತೋಳಿನಲ್ಲಿ ಹಿಡಿದು ಹೊಡೆಯುವುದನ್ನೇ ನೀವು ನನಗೆ ಕಲಿಸಿದ್ದು. ಕಳೆದ ತಿಂಗಳು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದಾಗಲೂ ನೀವು ಮೆಚ್ಚಿದ್ದು ಕೊನೆಯ ನಿಂತ ಭಂಗಿಯನ್ನೇ. ಆದರೆ ಅದೇ ಸ್ಪರ್ಧೆಯಲ್ಲಿ ಮಂಡಿಯೂರುವಾಗ ಪಾದದ ಕೆಳಗೆ ಉರುಳೆಯಂತಹ ದಿಂಬು ಇಡುತ್ತಾರೆ, ತೋಳಿಗೂ ರೈಫಲ್‌ಗೂ ಪಟ್ಟಿ ಬಿಗಿಯುತ್ತಾರೆ. ಆಸರೆ ಅಲ್ಲಿಯೂ ಇದೆ, ಎಷ್ಟಿರಬೇಕೆಂಬುದನ್ನು ಮಾತ್ರ ನಿಯಮ ಹೇಳುತ್ತದೆ. ನಾನು ಆಡುವ ಪಂದ್ಯವಾದರೋ ಆಸರೆಯನ್ನೇ ಪರೀಕ್ಷೆಯ ವಿಷಯವನ್ನಾಗಿ ಮಾಡಿಕೊಂಡಿದೆ.

2012ರಲ್ಲಿ ಇಲ್ಲಿ ಆರಂಭವಾದ ಪ್ರಿಸಿಷನ್ ರೈಫಲ್ ಸೀರೀಸ್ ಎಂಬ ಸರಣಿಯ ಮಾದರಿಯ ಪಂದ್ಯ ಇದು. (ಕೆಲಸದ ವೀಸಾದಲ್ಲಿದ್ದಷ್ಟು ಕಾಲ ನಾನು ಕೋವಿಯ ಗೋಜಿಗೇ ಹೋಗಿರಲಿಲ್ಲ. ಗ್ರೀನ್ ಕಾರ್ಡ್ ಕೈಸೇರಿದ ಮೇಲೆಯೇ ಕೊಂಡದ್ದು, ಅವ್ವನಿಗೆ ಹೇಳಿ.) ಬಯಲಿನಲ್ಲಿ ಅಲ್ಲಲ್ಲಿ ಹಲಗೆಯ ಗೋಡೆ, ಟ್ರ್ಯಾಕ್ಟರಿನ ಹಳೆಯ ಟಯರು, ಏಣಿ, ಇಳಿಜಾರಿನ ಮಾಡು, ಕೆಲವೊಮ್ಮೆ ಎಳೆದು ಕಟ್ಟಿದ ಹಗ್ಗ ಕೂಡ ಇರುತ್ತವೆ. ಅವುಗಳ ಮೇಲೆ ರೈಫಲ್ ಇಟ್ಟು, ಹೆಚ್ಚಾಗಿ ತೊಂಬತ್ತು ಸೆಕೆಂಡಿನೊಳಗೆ, ದೂರದ ಉಕ್ಕಿನ ತಟ್ಟೆಗಳಿಗೆ ಹೊಡೆಯಬೇಕು. ಅತ್ಯಂತ ಪ್ರಸಿದ್ಧವಾದ ಪರೀಕ್ಷೆಯಲ್ಲಿ 400 ಗಜ ದೂರದಲ್ಲಿ 10 ಇಂಚಿನ ತಟ್ಟೆ ಇರುತ್ತದೆ. ಮೆಟ್ಟಿಲಿನಂತೆ ಕತ್ತರಿಸಿದ ಹಲಗೆಯ ನಾಲ್ಕು ಜಾಗಗಳಿಂದ ಎರಡೆರಡರಂತೆ ಎಂಟು ಗುಂಡು ಹೊಡೆಯಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬೋಲ್ಟ್, ಎಂದರೆ ಗುಂಡು ತುಂಬುವ ಅಗುಳಿ, ಹಿಂದಕ್ಕೆಳೆದು ತೆರೆದೇ ಇರಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಗೋಡೆಗೆ ಒರಗಿಸಿದ ಮೇಲೆ ಕಷ್ಟವೇನು ಎಂಬ ಮಾತು. ಗೋಡೆ ಹಿಡಿಯುವುದು ರೈಫಲ್‌ನ ಮುಂಭಾಗವನ್ನು ಮಾತ್ರ. ಹಿಂಭಾಗ ನಮ್ಮ ಭುಜದಲ್ಲಿದೆ, ಭುಜ ಉಸಿರಿನೊಡನೆ ಏರಿಳಿಯುತ್ತದೆ. ಒಂದು ದಿನ ಕಾಗದದ ಮೇಲೆ ಲೆಕ್ಕ ಹಾಕಿದೆ. ರೈಫಲ್‌ನ ಮುಂಭಾಗದ ಆಸರೆಯಿಂದ ಭುಜಕ್ಕೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಭುಜ 0.17 ಮಿಲಿಮೀಟರ್ ಸರಿದರೆ ಸಾಕು, 400 ಗಜದಾಚೆ ಗುರಿಯು ತಟ್ಟೆಯ ನಡುವಿನಿಂದ ಅಂಚಿಗೆ ಹೋಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ಅದು. ಅದನ್ನು ಬರಿಯ ತೋಳಿನ ಬಲದಿಂದ ನಿಲ್ಲಿಸಲು ಹೋದವನು ಸೋಲುತ್ತಾನೆ. ಬಿಗಿ ಹಿಡಿದಷ್ಟೂ ಸ್ನಾಯು ನಡುಗುತ್ತದೆ. ನಾನು ಮೊದಲ ವರ್ಷವೆಲ್ಲ ಹಾಗೆಯೇ ಸೋತೆ.

ಒಂದು ಪಂದ್ಯದಲ್ಲಿ ನನ್ನ ತಂಡದಲ್ಲಿದ್ದ ಹಿರಿಯರೊಬ್ಬರು, ನಾನು ಎಂಟರಲ್ಲಿ ಎರಡೇ ತಾಗಿಸಿದ್ದನ್ನು ಕಂಡು, ಸಂಜೆ ಪಕ್ಕಕ್ಕೆ ಕರೆದು ತೋರಿಸಿಕೊಟ್ಟರು. ಭಂಗಿಯನ್ನು ನೆಲದಿಂದ ಮೇಲಕ್ಕೆ ಕಟ್ಟಬೇಕು: ಮೊದಲು ಪಾದ, ಆಮೇಲೆ ಮಂಡಿ, ಸೊಂಟ, ಕೊನೆಗೆ ಭುಜ. ಎಲುಬಿನ ಮೇಲೆ ಎಲುಬು ಕೂರಬೇಕು, ಸ್ನಾಯುವಿಗೆ ಕೆಲಸವೇ ಇರಬಾರದು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ತೋಟದಲ್ಲಿ ಮೆಣಸು ಕೊಯ್ಯುವವರು. ಅವರು ಒಂಟಿ ಬಿದಿರಿನ ಏಣಿಗೆ ಕಾಲು ಸಿಕ್ಕಿಸಿ, ಮಂಡಿಯನ್ನು ಒತ್ತಿ ನಿಂತು, ಎರಡೂ ಕೈ ಬಿಟ್ಟು ಗೊಂಚಲು ಕೀಳುತ್ತಾರಲ್ಲ, ಗಂಟೆಗಟ್ಟಲೆ ದಣಿಯದೆ ನಿಲ್ಲುತ್ತಾರಲ್ಲ, ಅದು ತೋಳಿನ ಬಲವಲ್ಲ. ಇಷ್ಟು ದುಡ್ಡು ಸುರಿದು ನಾನು ಇಲ್ಲಿ ಕಲಿತದ್ದು ಅದನ್ನೇ.

ಉಳಿದ ಕೆಲಸ ಚೀಲದ್ದು. ಮರಳು ಅಥವಾ ಪ್ಲಾಸ್ಟಿಕ್ ಮಣಿ ತುಂಬಿದ, ಎರಡು ಕಿವಿಯಂತೆ ಇಳಿಬಿದ್ದ ಒಂದು ಚೀಲವನ್ನು ಹಲಗೆಯ ಮೇಲೆ ಕೂರಿಸಿ, ರೈಫಲ್‌ನ ತೂಕ ಸಮವಾಗಿ ನಿಲ್ಲುವ ಜಾಗವನ್ನೇ, ಎಂದರೆ ಗುಂಡುಗಳಿರುವ ಮ್ಯಾಗಜೀನ್‌ನ ತುಸು ಮುಂದಿನ ಭಾಗವನ್ನು, ಅದರ ಮೇಲೆ ಇಡುತ್ತೇವೆ. ನಳಿಗೆಯನ್ನು ಯಾವುದಕ್ಕೂ ತಾಗಿಸುವಂತಿಲ್ಲ, ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಈ ಪಂದ್ಯದ ರೈಫಲ್‌ಗಳು ಹತ್ತು ಕಿಲೋ ತೂಗುವುದೂ ಉಂಟು. ನೀವು ನೋಡಿದರೆ ಫಿರಂಗಿ ಎಂದೀರಿ. ಆ ಭಾರ ಚೀಲದೊಳಕ್ಕೆ ಇಳಿದು ಕೂತರೆ ಕೈಯಿಂದ ಹಿಡಿಯುವುದೇ ಬೇಡ, ತನ್ನಷ್ಟಕ್ಕೆ ಗುರಿಯ ಕಡೆಗೆ ನಿಂತಿರುತ್ತದೆ. ಎದೆ ನೇರವಾಗಿ ರೈಫಲ್‌ನ ಹಿಂದೆಯೇ ಇರಬೇಕು. ಓರೆಯಾಗಿ ಕುಳಿತರೆ ಹೊಡೆತಕ್ಕೆ ನಳಿಗೆ ಪಕ್ಕಕ್ಕೆ ಹಾರುತ್ತದೆ, ಗುಂಡು ತಾಗಿತೋ ತಪ್ಪಿತೋ ಸ್ಕೋಪಿನಲ್ಲಿ ಕಾಣುವುದಿಲ್ಲ. ಆ 400 ಗಜ ದೂರಕ್ಕೆ ಗುಂಡು ಅರ್ಧ ಸೆಕೆಂಡಿಗೂ ಮೊದಲೇ ತಲುಪಿಬಿಡುತ್ತದೆ, ಅಷ್ಟರೊಳಗೆ ಕಣ್ಣು ಮತ್ತೆ ತಟ್ಟೆಯ ಮೇಲಿರಬೇಕು.

ನನ್ನ ಮೊದಲ ಚೀಲವನ್ನು ನಾನೇ ಹಳೆಯ ಜೀನ್ಸ್ ಬಟ್ಟೆಯಲ್ಲಿ ಹೊಲಿದು, ಒಳಗೆ ಸೋನಾ ಮಸೂರಿ ಅಕ್ಕಿ ತುಂಬಿದ್ದೆ. ಒಂದು ಮಧ್ಯಾಹ್ನದ ಮಳೆಗೆ ಅದು ನೆನೆದು ಉಬ್ಬಿ ಕಲ್ಲಿನಂತಾಯಿತು, ಮೂರನೆಯ ದಿನ ಹುಳಿ ವಾಸನೆ ಬಂತು. ಇದನ್ನು ಅವ್ವನಿಗೆ ಓದಿ ಹೇಳಬೇಡಿ, ಅನ್ನ ಬೆಲೆಯಿಲ್ಲದ್ದಾಯಿತೇ ಎಂದು ಬೈಯುತ್ತಾರೆ.

ನಿನ್ನೆ ಹಲಗೆಯ ಗೋಡೆಯಲ್ಲಿ ಎಂಟರಲ್ಲಿ ಆರು ತಾಗಿಸಿದೆ. ತಪ್ಪಿದ ಎರಡೂ ಅತ್ಯಂತ ಎತ್ತರದ ಮೆಟ್ಟಿಲಿನವು. ಅಲ್ಲಿ ಮಂಡಿಗೂ ಮೊಣಕೈಗೂ ಊರಲು ಏನೂ ಸಿಗುವುದಿಲ್ಲ, ಬಹುತೇಕ ನೀವು ಹೇಳುವ ನಿಂತ ಭಂಗಿಯೇ. ಆ ಜಾಗದಲ್ಲಿ ನಿಮ್ಮ ಪಾಠವೇ ಬೇಕಾಗಿತ್ತು, ನಾನು ಅದನ್ನು ಸಾಕಷ್ಟು ಕಲಿತಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಏಣಿಯ ಸರದಿಯಲ್ಲಿ, ಮೆಟ್ಟಿಲಿನ ಸಂದಿಗೆ ಮಂಡಿ ಕೊಟ್ಟು ನಿಂತಾಗ, ತಟ್ಟೆಯ ಮೇಲೆ ಗುರಿಯ ಗೆರೆ ಅಲುಗದೆ ನಿಂತದ್ದನ್ನು ನೀವು ನೋಡಬೇಕಿತ್ತು.

ಡಿಸೆಂಬರಿನಲ್ಲಿ ಮೂರು ವಾರ ರಜೆ ಸಿಕ್ಕಿದೆ. ಕೊಟ್ಟಿಗೆಯ ಹಿಂದಿರುವ ಹಳೆಯ ಬಿದಿರಿನ ಏಣಿಯನ್ನು ಅಷ್ಟರೊಳಗೆ ಸೌದೆ ಮಾಡಿಸಬೇಡಿ. ಗೇಟಿನ ಬಳಿಯ ಹಲಸಿನ ಮರಕ್ಕೆ ಅದನ್ನು ಒರಗಿಸಿ, ಗುಂಡಿಲ್ಲದ ಕೋವಿಯನ್ನು ಮೂರನೆಯ ಮೆಟ್ಟಿಲಿನ ಮೇಲಿಟ್ಟು ನೀವೇ ಒಮ್ಮೆ ಗುರಿ ಹಿಡಿದು ನೋಡಬೇಕು. ಚೀಲ ನಾನು ತರುತ್ತೇನೆ, ಅಕ್ಕಿಯದಲ್ಲ.

ಅವ್ವನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು.

ಇಂತಿ,
ನಿಮ್ಮ ಮಗ